ಒಂಟಿ ನಳಿಗೆಯ ಸಂದು

ಸೆಪ್ಟೆಂಬರ್ 28, ಗೋಕಾಕ

ಬೆಳಗಿನ ಸಕ್ಕರೆ 148.

ಸಕ್ಕರೆ ಎಷ್ಟಿದೆ ಅಂತ ದಿನಾ ಬರೆದಿಡು ಎಂದು ಡಾಕ್ಟರು ಹೇಳಿದ್ದಕ್ಕೆ ಈ ನೋಟುಬುಕ್ಕು ತಂದೆ. ಮೂರು ಅಂಕಿ ಬರೆಯಲು ಇಷ್ಟು ದೊಡ್ಡ ಹಾಳೆ ಯಾಕೆ ಬೇಕು? ಉಳಿದ ಜಾಗದಲ್ಲಿ ನನ್ನ ಮಾತು ಬರೆಯುತ್ತೇನೆ. ರಾಯವ್ವ ಇದನ್ನು ತೆರೆಯುವುದಿಲ್ಲ. ಗಂಡನ ಸಕ್ಕರೆ ನೋಡಿದರೆ ಅವಳ ಬಿ.ಪಿ. ಏರುತ್ತದಂತೆ.

ಇವತ್ತು ನನ್ನ ಬಂದೂಕು ರಿಪೇರಿ ಅಂಗಡಿಗೆ ದಡ್ಡಿಯ ಹೊಳೆಪ್ಪ ಬಂದಿದ್ದ. ಮಿಲಿಟರಿಯಿಂದ ರಿಟೈರಾಗಿ ಬಂದವ. ಎರಡೆಕರೆ ಗೋವಿನಜೋಳ, ಕಾಡುಹಂದಿಯ ಕಾಟ, ಹಂದಿ ಹೆದರಿಸಲು ಬೆಳೆ ರಕ್ಷಣೆಯ ಲೈಸೆನ್ಸಿನ ಒಂಟಿ ನಳಿಗೆ ಬಂದೂಕು. ನಡುವೆ ಮಡಚಿ ತೆರೆದು ಒಂದೇ ಕಾಡತೂಸು ಹಾಕುವ ಜಾತಿಯದು. ಕೆಳಗಿನ ಕಟ್ಟಿಗೆಯ ಹಿಡಿ ಸಡಿಲಾಗಿದೆ, ಎರಡು ಸ್ಕ್ರೂ ಬಿಗಿದರೆ ಮುಗಿಯಿತು. ಆದರೂ ಬಂದೂಕು ಇಟ್ಟು ಹೋಗು, ದಸರಾ ಮುಗಿದ ಮೇಲೆ ಬಾ ಎಂದೆ. ಕೈಯಲ್ಲಿ ಕೆಲಸ ಇದೆ ಎಂದು ತೋರಿಸದಿದ್ದರೆ ಮಂದಿ ಬೆಲೆ ಕೊಡುವುದಿಲ್ಲ.

ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ: "ಖಂಡೇನವಮಿಗಿ ಇದಕ್ಕ ಪೂಜಿ ಗೀಜಿ ಮಾಡಬ್ಯಾಡ್ರಿ. ನಾವು ಬೌದ್ಧರು, ನಮ್ಮ ಮನ್ಯಾಗ ಮಾಡಂಗಿಲ್ಲ. ಒಂದೀಟ ಎಣ್ಣಿ ಹಚ್ಚಿ ಒರಸಿ ಇಟ್ರ ಸಾಕು."

ಹೂಂ ಎಂದೆ. ಬಂದೂಕನ್ನು ನಾಲ್ಕು ದಿನ ನನ್ನ ಅಂಗಡಿಯಲ್ಲಿಟ್ಟು ಹೇಗೆ ಇಡಬೇಕು ಅಂತ ನನಗೇ ಹೇಳುತ್ತಾನೆ. ನಮ್ಮಪ್ಪನ ಕಾಲದಲ್ಲಿ ಇವರ ಮಂದಿ ಅಂಗಡಿಯ ಕಟ್ಟೆ ಹತ್ತುತ್ತಿರಲಿಲ್ಲ.

ಅಕ್ಟೋಬರ್ 1, ಖಂಡೇನವಮಿ

ಸಕ್ಕರೆ 161. ಇದು ಹೋಳಿಗೆಗೆ ಮುಂಚಿನದು. ನಂತರದ್ದು ನೋಡಲಿಲ್ಲ.

ಆಯುಧಪೂಜೆ ಚೆನ್ನಾಗಿ ಆಯಿತು. ಅಂಗಡಿಯಲ್ಲಿದ್ದ ಎಂಟೂ ಬಂದೂಕುಗಳನ್ನು ಹಲಗೆಯ ಮೇಲೆ ಸಾಲಾಗಿ ಇಟ್ಟು, ಅರ, ಇಕ್ಕಳ, ಸುತ್ತಿಗೆ ಎಲ್ಲಕ್ಕೂ ವಿಭೂತಿ ಕುಂಕುಮ ಹಚ್ಚಿ, ಮೇಲೆ ಭಂಡಾರದ ಅರಿಶಿನ ಹಾರಿಸಿದೆ. ಅಪ್ಪನ ಪದ್ಧತಿ ನಾನು ಬಿಟ್ಟಿಲ್ಲ: ಬಂದೂಕನ್ನು ಮಡಚಿ ತೆರೆದು ಕಾಡತೂಸು ಹಾಕುವ ಬಾಯಿಗೆ ಒಂದು ಚೂರು ಮೆತ್ತನೆ ಬೆಲ್ಲ ಮುಟ್ಟಿಸಬೇಕು, ಮೇಲೆ ಚಿಟಿಕೆ ಭಂಡಾರ. ವರ್ಷಪೂರ್ತಿ ಬೆಂಕಿ ನುಂಗುವ ಬಾಯಿಗೆ ಒಂದು ದಿನ ಸಿಹಿ.

ಹೊಳೆಪ್ಪನದನ್ನು ಬಾಜೂಕ್ಕೆ ಇಡೋಣ ಎಂದು ರಾಯವ್ವ ಹೇಳಿದಳು. "ಅವ್ರು ಬ್ಯಾಡ ಅಂದಾರಲ್ರಿ?"

"ನನ್ನ ಅಂಗಡ್ಯಾಗ ಇರೂತನಕ ಅದು ನನ್ನ ಆಯುಧ" ಎಂದೆ. ಅದಕ್ಕೆ ಉಳಿದವುಗಳಿಗಿಂತ ಒಂದು ಚೂರು ಹೆಚ್ಚೇ ಬೆಲ್ಲ ಹಚ್ಚಿದೆ. ಮಾಡಬೇಡ ಎಂದರೆ ನನ್ನ ಕೈ ಹೆಚ್ಚು ಮಾಡುತ್ತದೆ. ಹುಟ್ಟುಗುಣ.

ಅಕ್ಟೋಬರ್ 10

ಸಕ್ಕರೆ 150.

ನಾಳೆ ಹೊಳೆಪ್ಪ ಬರುತ್ತಾನೆಂದು ಇವತ್ತು ಅವನ ಬಂದೂಕು ತೆಗೆದೆ. ಹಿಡಿ ಬಿಗಿದೆ. ಹೊರಗೆಲ್ಲಾ ಒರೆಸಿದೆ. ರೂಢಿಯಂತೆ ಪರೀಕ್ಷೆಯ ಖಾಲಿ ಕಾಡತೂಸು ಹಾಕಿ ಮುಚ್ಚಲು ಹೋದರೆ ಮುಚ್ಚುತ್ತಿಲ್ಲ!

ಈ ಕೆಲಸ ಯಾರಿಗಾದರೂ ಕಲಿಸಬೇಕೆಂದಿದ್ದೆ. ಮಗ ಬ್ಯಾಂಕು ಸೇರಿದ. ಈ ನೋಟುಬುಕ್ಕಿಗಾದರೂ ಕಲಿಸುತ್ತೇನೆ. ಕಾಡತೂಸಿನ ಬುಡದಲ್ಲಿ ತಾಟಿಗಿರುವ ಹಾಗೆ ಹಿತ್ತಾಳೆಯ ಒಂದು ಅಂಚು ಇರುತ್ತದೆ. ಆ ಅಂಚು ಕೂರಲು ನಳಿಗೆಯ ಹಿಂಬಾಯಿಯಲ್ಲಿ ಒಂದು ಮನೆ ಕೊರೆದಿರುತ್ತಾರೆ. ಮನೆಯ ಆಳ ಕಡಿಮೆ ಇದ್ದರೆ ಕಾಡತೂಸು ಹೊರಗೆ ಉಳಿದು ಬಂದೂಕು ಮುಚ್ಚುವುದಿಲ್ಲ. ಆಳ ಜಾಸ್ತಿಯಾದರೆ ಕಾಡತೂಸು ಒಳಗೆ ಸರಿದು, ಅದರ ಬೆನ್ನಿಗೂ ಹಿಂದಿನ ಗೋಡೆಗೂ ನಡುವೆ ಸಂದು ಬೀಳುತ್ತದೆ. ಆಗ ಕುದುರೆ ಒತ್ತಿದರೆ ಮುಂದೆ ಬರುವ ಮೊಳೆ, ಕಾಡತೂಸಿನ ಬೆನ್ನಿನಲ್ಲಿ ಕಿಡಿ ಹುಟ್ಟಿಸುವ ಟೋಪಿಗೆ ಸರಿಯಾಗಿ ತಾಗುವುದಿಲ್ಲ. ತಾಗಿ ಹಾರಿದರೆ ಇನ್ನೂ ಕೆಟ್ಟದ್ದು, ಬೆಂಕಿ ಹಿಂದಕ್ಕೆ ಬರುತ್ತದೆ, ಹೊಡೆಯುವವನ ಮುಖದ ಕಡೆಗೆ. ಕೂದಲೆಳೆಯಷ್ಟರ ಆಟ ಇದು.

ಮನೆಯ ಆಳ ಸಾಲದು ಎಂದು ಕಣ್ಣಿಗೇ ಕಂಡಿತು. ಹಳೆ ಬಂದೂಕು, ಈಗಿನ ಕಾಡತೂಸಿನ ಅಂಚು ದಪ್ಪ. ಖಾಲಿ ಕಾಡತೂಸನ್ನು ಹೊರಗೆ ಎಬ್ಬಿಸುವ ಸಣ್ಣ ನಾಲಿಗೆ ಕೂಡ ಸ್ವಲ್ಪ ಮೇಲೆದ್ದು ನಿಂತಿತ್ತು. ಅದರ ತುದಿಯನ್ನೂ ಅರದಿಂದ ಉಜ್ಜಿದೆ, ಮನೆಯನ್ನೂ ಆಳ ಮಾಡಿದೆ. ನಿಧಾನಕ್ಕೆ, ಮೂರು ತಾಸು. ಕಡೆಗೆ ಟಕ್ ಎಂದು ಮುಚ್ಚಿತು. ಆ ಸಪ್ಪಳ ಕೇಳಿದರೆ ನನಗೆ ಈಗಲೂ ಖುಷಿ.

ಮೂಡಲಗಿಯ ಶಿದ್ಲಿಂಗಪ್ಪ ಇದನ್ನು ನೋಡಬೇಕಿತ್ತು. ಕಾಡತೂಸು ಮಾರುವ ಅಂಗಡಿ ಇಟ್ಟುಕೊಂಡು, ಗಿರಾಕಿಗಳಿಗೆ ನನ್ನ ಬಗ್ಗೆ "ಪರಶುರಾಮನ ಕೈ ಮೊದಲಿನಂಗ ಉಳದಿಲ್ಲ, ಬೆಳಗಾವಿಗಿ ಒಯ್ರಿ" ಎಂದು ಹೇಳುತ್ತಾನಂತೆ. ಮೂವತ್ತು ವರ್ಷದ ದೋಸ್ತ. ಈ ದಸರಾಕ್ಕೆ ಅವನಿಗೆ ಬನ್ನಿ ಕೊಡಲು ಹೋಗಲೇ ಇಲ್ಲ.

ಅಕ್ಟೋಬರ್ 11

ಹೊಳೆಪ್ಪ ಬಂದು ಒಯ್ದ. ಹಿಡಿಯ ಸಂದಿಯಲ್ಲಿ ಒಂದೀಟು ಕುಂಕುಮ ಉಳಿದಿತ್ತು. ಅದನ್ನು ನೋಡಿದ, ನನ್ನನ್ನು ನೋಡಿದ, ಹೆಬ್ಬೆರಳಿನಿಂದ ಒರೆಸಿದ. ಏನಾದರೂ ಅಂದಿದ್ದರೆ ಉತ್ತರ ತಯಾರಿತ್ತು.

ಅಕ್ಟೋಬರ್ 25

ಸಕ್ಕರೆ 172. ದೀಪಾವಳಿಯ ಕರ್ಚಿಕಾಯಿ.

ಹೊಳೆಪ್ಪ ಮತ್ತೆ ಬಂದಿದ್ದ. ಮೊದಲ ಒಂದೆರಡು ಕಾಡತೂಸು ಹಾರಿದವಂತೆ. ಆಮೇಲೆ ನಾಲ್ಕು ಹೊಡೆದರೆ ಮೂರು ಹಾರಲಿಲ್ಲ. ಹಾರದ ಮೂರನ್ನೂ ಅರಿವೆಯಲ್ಲಿ ಸುತ್ತಿ ತಂದಿದ್ದ. ನೋಡಿದೆ. ಟೋಪಿಯ ಮೇಲೆ ಮೊಳೆಯ ಗುರುತು ಇದೆ, ಆದರೆ ಹಗುರ. ನೊಣ ಕುಳಿತು ಎದ್ದಂತೆ.

"ಎಲ್ಲಿ ತಗೊಂಡಿ ಇವನ್ನ?"

"ಮೂಡಲಗ್ಯಾಗ್ರಿ, ಶಿದ್ಲಿಂಗಪ್ಪನವರ ಕಡೆ."

ನನ್ನೊಳಗೆ ಏನೋ ಹಿಗ್ಗಿತು, ಸುಳ್ಳು ಬರೆಯುವುದಿಲ್ಲ. "ಹಸಿ ಮಾಲ ಅದ. ಟೋಪಿ ಸತ್ತಾವ" ಎಂದೆ.

"ಹಂಗಲ್ಲರಿ, ಗುರುತು ಹಗರ ಬಿದ್ದಾವ ನೋಡ್ರಿ. ಮೊಳಿ ಮುಟ್ಟವಲ್ದೇನೊ ಅಂತ ನನಗ ಅನಸ್ತೈತಿ. ರಿಪೇರಿಗಿ ಮೊದಲ ಹಿಂಗ ಇರಲಿಲ್ಲ. ಹದಿನೆಂಟು ವರ್ಷ ಬಂದೂಕು ಹಿಡದೇನಿ..."

"ಹಿಡಿಯೂದ ಬ್ಯಾರೆ, ಮಾಡೂದ ಬ್ಯಾರೆ" ಎಂದೆ. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿ ಕುಳಿತಿದ್ದರು, ಅವರ ಮುಂದೆಯೇ. "ಕಾಡತೂಸ ಎಲ್ಲೆ ಇಡತಿ?"

"ತಗಡಿನ ಡಬ್ಬ್ಯಾಗ ಹಾಕಿ ಟ್ರಂಕಿನ್ಯಾಗ ಇಡತೀನ್ರಿ."

"ನೀ ಇಡತಿ. ಮನ್ಯಾಗ ಹೆಣಮಕ್ಕಳು ಕಸಾ ಹೊಡಿಯೂಮುಂದ ಎಲ್ಲೆರ ನೀರಿನ ಬಾಜೂಕ ಸರಸಿರತಾರ. ಹೋಗಿ ಕೇಳು."

ಅವನು ಎರಡನ್ನು ಮತ್ತೆ ಅರಿವೆಯಲ್ಲಿ ಸುತ್ತಿದ. ನಾನು ಅಂಗಡಿಯ ಲೆಟರ್‌ಹೆಡ್ಡಿನ ಮೇಲೆ ಬರೆದು ಸಹಿ ಹಾಕಿ ಕೊಟ್ಟೆ: ಬಂದೂಕು ಸುಸ್ಥಿತಿಯಲ್ಲಿದೆ, ದೋಷ ಕಾಡತೂಸಿನದು, ಖರೀದಿ ಮೂಡಲಗಿ. ಅವನು ಕೇಳಿರಲಿಲ್ಲ. ನಾನೇ ಕೊಟ್ಟೆ.

ಅವನು ಹಾರದ ಒಂದನ್ನು ಇಲ್ಲೇ ಬಿಟ್ಟು ಹೋಗಿದ್ದ. ಮದ್ದು ಗುಂಡು ತೆಗೆದು ಬರೀ ಟೋಪಿಯನ್ನು ನನ್ನ ಪರೀಕ್ಷೆಯ ಬಂದೂಕಿನಲ್ಲಿ ಹೊಡೆದು ನೋಡಿದೆ. ಮೊದಲ ಏಟಿಗೇ ಪಟ್ ಎಂದಿತು. ಒಂದು ಹಾರಿದರೆ ಎಲ್ಲವೂ ಒಳ್ಳೆಯವು ಎಂದೇನಲ್ಲ.

ಕರ್ಚಿಕಾಯಿ ಈ ಸಲ ಸ್ವಲ್ಪ ಗಟ್ಟಿಯಾಗಿವೆ.

ನವೆಂಬರ್ 5

ಸಕ್ಕರೆ 219.

ಬೆಳಿಗ್ಗೆ ಒಂಬತ್ತಕ್ಕೆ ಶಿದ್ಲಿಂಗಪ್ಪನ ಫೋನು. ನಮಸ್ಕಾರವಿಲ್ಲ, ಏನಿಲ್ಲ.

"ನನ್ನ ಅಂಗಡಿಗಿ ಸೀಲ್ ಹಾಕ್ಯಾರ, ಪರಶು."

ನಡೆದದ್ದು ಇಷ್ಟು. ಭಾನುವಾರ ನಸುಕಿನಲ್ಲಿ ಹೊಳೆಪ್ಪ ಮತ್ತು ಅವನ ತಾಯಿ ಉದ್ದವ್ವ ತೆನೆ ಮುರಿಯಲು ಹೊಲಕ್ಕೆ ಹೋಗಿದ್ದಾರೆ. ಸಾಲಿನೊಳಗಿಂದ ಹಂದಿ ಎದ್ದಿದೆ. ಹೆದರಿಸಿ ಓಡಿಸಲು ಇವನು ಬಂದೂಕು ಎತ್ತಿದರೆ ಬರೀ ಕಟ್ ಎಂದಿದೆ. ತೆರೆದು ಬೇರೆ ಕಾಡತೂಸು ಹಾಕುವುದರೊಳಗೆ ಹಂದಿ ಮುದುಕಿಯ ತೊಡೆ ಸೀಳಿ ಹೋಗಿದೆ. ಹನ್ನೊಂದು ಹೊಲಿಗೆ. ಜೀವಕ್ಕೆ ಅಪಾಯವಿಲ್ಲ.

ವಿಚಾರಣೆಗೆ ಬಂದ ಪೊಲೀಸರಿಗೆ ಹೊಳೆಪ್ಪ ನನ್ನ ಚೀಟಿ ತೋರಿಸಿದ್ದಾನೆ. ಅದರ ಫೋಟೋ ಯಾರ ಯಾರದೋ ಮೊಬೈಲಿಗೆ ಹಾರಿ, ರೈತರ ಗುಂಪುಗಳಲ್ಲೆಲ್ಲಾ "ಮೂಡಲಗಿ ಹಸಿ ಮಾಲು, ಎಚ್ಚರ" ಎಂದು ಓಡಾಡುತ್ತಿದೆಯಂತೆ. ಇಪ್ಪತ್ತಕ್ಕೆ ಮೂಡಲಗಿಯ ತಾಲೂಕು ಕಚೇರಿಯಲ್ಲಿ ವಿಚಾರಣೆ. ಅಲ್ಲಿ ತಪ್ಪು ಎಂದಾದರೆ ಶಿದ್ಲಿಂಗಪ್ಪನ ಲೈಸೆನ್ಸು ರದ್ದು.

"ನನ್ನ ಮಾಲ ಹಸಿ ಇಲ್ಲ. ಅವನಿಗಿ ಮಾರೂಮುಂದ ಪೆಟಿಗಿ ಒಡದ ಹದಿನೈದು ದಿನಾ ಆಗಿರಲಿಲ್ಲ. ನೀ ತಪಾಸ ಮಾಡಿ ಬರದೀಯೊ, ಸಿಟ್ಟಿಲೆ ಬರದೀಯೊ? ಅಷ್ಟ ಹೇಳು ನನಗ."

"ತಪಾಸ ಮಾಡೇ ಬರದೇನಿ" ಎಂದೆ.



ನವೆಂಬರ್ 6

236.

ನವೆಂಬರ್ 11

ಮೇಲವಂಕಿಯ ಯಲ್ಲಪ್ಪ ಇವತ್ತು ತನ್ನ ಬಂದೂಕು ತಂದ. ದಸರೆಯಲ್ಲಿ ನನ್ನ ಹಲಗೆಯ ಮೇಲಿದ್ದ ಎಂಟರಲ್ಲಿ ಅದೂ ಒಂದು. ಹಬ್ಬದ ಮರುದಿನವೇ ಒಯ್ದವನು, ಅಟ್ಟದ ಮೇಲಿಟ್ಟಿದ್ದನಂತೆ. ನಿನ್ನೆ ಒರೆಸೋಣವೆಂದು ತೆಗೆದರೆ ಕಾಡತೂಸು ಹಾಕಿ ಮುಚ್ಚಲು ಬರುತ್ತಿಲ್ಲ.

ಅವನು ಚಹಾ ಕುಡಿದು ಬರುತ್ತೇನೆಂದು ಹೋದ. ನಾನು ಅರ ಕೈಗೆ ತೆಗೆದುಕೊಂಡವನು, ಯಾಕೋ ಇಟ್ಟುಬಿಟ್ಟೆ. ಕನ್ನಡಕ ಏರಿಸಿ ಬೆಳಕಿಗೆ ಹಿಡಿದೆ. ಕಾಡತೂಸು ಎಬ್ಬಿಸುವ ನಾಲಿಗೆ ಮೇಲೆದ್ದು ನಿಂತಿತ್ತು. ಒತ್ತಿದರೆ ಕೆಳಗೆ ಹೋಗುತ್ತಿಲ್ಲ. ಸೂಜಿಯಿಂದ ಅದರ ಬುಡ ಕೆದರಿದೆ. ಹಳದಿ ಹೊಪ್ಪಳಿಕೆ ಎದ್ದು ಬಂತು. ನನ್ನ ನಾಲಿಗೆಗೆ ಮುಟ್ಟಿಸಿದೆ. ಸಿಹಿ.

ನನ್ನ ಬೆಲ್ಲ. ನನ್ನ ಭಂಡಾರ. ಸೆಕೆಗೆ ಕರಗಿ ಬಂದೂಕಿನ ನಾಲಿಗೆಯ ಬುಡಕ್ಕೆ ಇಳಿದು ಅರಗಿನಂತೆ ಗಟ್ಟಿಯಾಗಿದೆ. ಬಿಸಿನೀರಿನ ಅರಿವೆಯಲ್ಲಿ ಒರೆಸಿದೆ, ನಾಲಿಗೆ ತನ್ನ ಜಾಗಕ್ಕೆ ಕೂತಿತು. ಬಂದೂಕು ಮುಚ್ಚಿತು. ಐದು ನಿಮಿಷದ ಕೆಲಸ.

ಹೊಳೆಪ್ಪನ ಬಂದೂಕಿಗೂ ಅಷ್ಟೇ ಬೇಕಾಗಿತ್ತು. ಒಂದು ಒದ್ದೆ ಅರಿವೆ. ನಾನು ಮೂರು ತಾಸು ಕೂತು ಒಳ್ಳೆಯ ಉಕ್ಕನ್ನು ಕೊರೆದು ಹಾಕಿದೆ. ಹೊಳೆಪ್ಪನವರು ಹೊಡೆದು ಹೊಡೆದು ಆ ಬೆಲ್ಲ ಉದುರಿತು, ನಾಲಿಗೆ ಕೆಳಗಿಳಿಯಿತು, ಕಾಡತೂಸು ನಾನು ಕೊರೆದ ಹೊಂಡಕ್ಕೆ ಜಾರಿತು. ಮೊಳೆ ಹೇಗೆ ತಾಗಬೇಕು? ಮೊಳಿ ಮುಟ್ಟವಲ್ದೇನೊ ಎಂದು ಅವರು ನನ್ನ ಮುಂದೆ ನಿಂತು ಹೇಳಿದ್ದರು. ಸರಿಯಾಗಿಯೇ ಹೇಳಿದ್ದರು.

ಅಪ್ಪ ಮೊದಲ ವರ್ಷಪೂರ್ತಿ ನನ್ನ ಕೈಗೆ ಅರ ಕೊಟ್ಟಿರಲಿಲ್ಲ. ಬರೀ ಒರೆಸುವ ಅರಿವೆ. ಈ ಅರವತ್ತರ ಹೊಸ್ತಿಲಲ್ಲಿ ಅಪ್ಪ ಬದುಕಿಲ್ಲವಲ್ಲ ಎಂದು ಮೊದಲ ಸಲ ಸಮಾಧಾನವಾಯಿತು.

ಯಲ್ಲಪ್ಪ ಬಂದು, "ಏನ ಆಗಿತ್ರಿ?" ಎಂದ.

"ಜರಾ ಜಂಗ ಹಿಡದಿತ್ತು" ಎಂದೆ. ತುಕ್ಕಿನ ಸುಳ್ಳು ಎಷ್ಟು ಸುಲಭವಾಗಿ ಬಾಯಿಗೆ ಬಂತು! ನನಗೆ ನಾಚಿಕೆಯಾಗಬೇಕು. ಆಗುತ್ತಿದೆ.

ನವೆಂಬರ್ 13

ಇವತ್ತು ದಡ್ಡಿಗೆ ಹೋಗಿ ಹೇಳಿಬಿಡಬೇಕೆಂದು ಹೊರಟೆ. ಹುಕ್ಕೇರಿಗೆ ಒಂದು ಬಸ್ಸು, ಅಲ್ಲಿಂದ ಹತ್ತರಗಿಗೆ ಇನ್ನೊಂದು. ಹೈವೇ ಬಾಜೂಕಿನ ಹೋಟೆಲಿನಲ್ಲಿ ಚಹಾ ಕುಡಿದೆ. ದಡ್ಡಿಯ ಟೆಂಪೋ ಬಂತು, ಹೋಯಿತು. ಇನ್ನೊಂದು ಬಂತು. ಡ್ರೈವರ್ "ದಡ್ಡಿ, ದಡ್ಡಿ, ಬರ್ರಿ ಕಾಕಾ" ಎಂದು ನನ್ನನ್ನೇ ನೋಡಿ ಕರೆದ. ತಲೆ ಅಲ್ಲಾಡಿಸಿದೆ. ಎದುರಿನ ಬಸ್ಸು ಹತ್ತಿ ವಾಪಸು ಬಂದೆ.

ಹೊಳೆಪ್ಪ ಮನೆಯಲ್ಲಿರಲಿಲ್ಲ ಎಂದು ರಾಯವ್ವನಿಗೆ ಹೇಳಿದೆ. ಅವಳು ಮಣ್ಣು ಹತ್ತದ ನನ್ನ ಚಪ್ಪಲಿ ನೋಡಿದಳು. ದಡ್ಡಿಯ ಹೊಲದ ದಾರಿಗೆ ಹೋಗಿ ಬಂದ ಚಪ್ಪಲಿಯಲ್ಲ ಅದು.

ಸಕ್ಕರೆ ನೋಡಿಲ್ಲ.

ನವೆಂಬರ್ 16

ನೆಮ್ಮದಿಯಿಲ್ಲ. ಸುದ್ದಿ ಕೇಳಿದೆ: ಹೊಳೆಪ್ಪನವರು ಹುಕ್ಕೇರಿಯಲ್ಲಿ ಬೇರೆ ಅಂಗಡಿಯಿಂದ ಹೊಸ ಕಾಡತೂಸು ತಂದಿದ್ದಾರಂತೆ. ಬಂದೂಕು ಸುಸ್ಥಿತಿಯಲ್ಲಿದೆ ಎಂದು ನಾನು ಸಹಿ ಹಾಕಿಕೊಟ್ಟಿದ್ದೇನಲ್ಲ. ಅದನ್ನು ನಂಬಿ ಮುಖಕ್ಕೆ ಹಿಡಿದು ಹೊಡೆಯುತ್ತಾರೆ. ಟೋಪಿ ಹಿಂದಕ್ಕೆ ಬಂದರೆ, ಬುಡ ಹರಿದರೆ? ಮುಂದಿನದು ಬರೆಯಲು ಕೈ ಬರುತ್ತಿಲ್ಲ. ನಾಳೆ ಮೊದಲ ಬಸ್ಸು.

ನವೆಂಬರ್ 17

ಹೋಗಿ ಬಂದೆ. ಅರ್ಧ ಮಾತ್ರ ಹೋದೆ ಎನ್ನಬೇಕು.

ಸಣ್ಣ ಮನೆ, ಚೊಕ್ಕ. ಬಾಗಿಲಿಗೆ ನೀಲಿ ಬಣ್ಣ. ಉದ್ದವ್ವನವರು ಪಡಸಾಲೆಯಲ್ಲಿ ಮಂಚದ ಮೇಲೆ ಕಾಲು ಚಾಚಿ ಕುಳಿತಿದ್ದರು. ತೊಡೆಯಿಂದ ಮೊಣಕಾಲಿನವರೆಗೆ ಬ್ಯಾಂಡೇಜು. ಹೊಳೆಪ್ಪನವರ ಮಗಳು ನಂದಿನಿ ನರ್ಸಿಂಗ್ ಓದುವವಳಂತೆ, ಅಜ್ಜಿಗಾಗಿ ರಜೆ ಹಾಕಿ ಬಂದಿದ್ದಾಳೆ. ನನ್ನನ್ನು ಕಂಡು ಕುರ್ಚಿ ತಂದಿಟ್ಟಳು.

ಹೊಳೆಪ್ಪನವರ ಬಲಗೆನ್ನೆಯ ಮೇಲೆ, ಕಣ್ಣಿನ ಕೆಳಗೆ, ಕಾಳಿನಷ್ಟು ಸುಟ್ಟ ಕಲೆ.

"ಇದೇನ್ರಿ?" ಎಂದೆ.

"ನಿನ್ನೆ ಹೊಸಾ ಕಾಡತೂಸ ಎರಡು ಹೊಡದ್ನಿರಿ. ಒಂದ ಹಾರಲಿಲ್ಲ. ಒಂದ ಹಾರಿತು, ಖರೆ ಕಿಡಿ ಹಿಂದಕ ಬಂತು." ಆ ಖಾಲಿ ಕಾಡತೂಸು ತಂದು ತೋರಿಸಿದರು. ಟೋಪಿ ಅರ್ಧ ಹೊರಗೆ ಬಂದಿತ್ತು.

ಬಂದೂಕು ತೆಗೆದುಕೊಂಡೆ. ನಮ್ಮ ಕಡೆಯ ಹಳೇ ಪರೀಕ್ಷೆಯೊಂದಿದೆ. ಲಗ್ನಪತ್ರಿಕೆಯ ದಪ್ಪ ಕಾಗದವನ್ನು ಸಣ್ಣ ತುಂಡು ಮಾಡಿ, ಖಾಲಿ ಕಾಡತೂಸಿನ ಬೆನ್ನಿಗೆ ಅಂಟಿಸಿ ಮುಚ್ಚಿ ನೋಡುವುದು. ಸರಿಯಾಗಿದ್ದರೆ ಒಂದು ತುಂಡಿಗೇ ಬಿಗಿಯಾಗಬೇಕು. ಇದರಲ್ಲಿ ಎರಡು ಹಾಕಿದೆ, ಮುಚ್ಚಿತು. ಮೂರು. ನಾಲ್ಕು. ಐದನೆಯದಕ್ಕೂ ಆರಾಮಾಗಿ ಮುಚ್ಚಿತು. ಅವರು ಮಿಲಿಟರಿಯವರು, ನನ್ನ ಬೆರಳನ್ನೇ ನೋಡುತ್ತಿದ್ದರು. ಏನು ಅರ್ಥವಾಯಿತೋ.

ಚಹಾ ತಂದರು. ನನಗೆ ಸಕ್ಕರೆ ಕಾಯಿಲೆ, ಬೇಡ ಎಂದೆ. ನಂದಿನಿ ಒಳಗೆ ಹೋಗಿ ಸಕ್ಕರೆ ಇಲ್ಲದ್ದನ್ನು ಮಾಡಿ ತಂದಳು. ಆಗ ಕುಡಿಯಲೇಬೇಕಾಯಿತು. ಸಕ್ಕರೆ ಬರೀ ನೆಪವಾಗಿತ್ತು. ಖರೆ ಕಾರಣ ನನಗೂ ಗೊತ್ತು, ಆ ಹುಡುಗಿಗೂ ಗೊತ್ತಾಗಿತ್ತು. ಬೇರೆಯವರ ಮನೆಯಲ್ಲಿ ಸಕ್ಕರೆ ಹಾಕಿದ ಚಹಾವನ್ನು ನಾನು ದಿನಾ ಕುಡಿಯುತ್ತೇನೆ.

ಕುಡಿದು ಲೋಟ ಕೆಳಗಿಟ್ಟೆ. ಆಗ ಉದ್ದವ್ವನವರು ಬಾಯಿ ಬಿಟ್ಟರು.

"ತಪ್ಪು ನಂದ್ರಿ ಅಣ್ಣಾ. ಶ್ರಾವಣದಾಗ ಮನಿ ಸಾರಸೂಮುಂದ ಆ ಡಬ್ಬಿ ತಗದು ನೀರಿನ ಹರವಿ ಬಾಜೂಕ ಇಟ್ಟಿದ್ನಿ, ಒಂದ ದಿನಾ. ಅವಾಗ ಹಸಿ ಆಗಿರಬೇಕು. ನೀವು ಹೇಳಿ ಕಳಿಸಿದ್ರಂತಲ್ಲ, ಹೆಣಮಕ್ಕಳನ್ನ ಕೇಳು ಅಂತ. ಬರೊಬ್ಬರಿ ಹೇಳೀರಿ. ನನ್ನ ಕಾಲು ಹೋದ್ರ ಹೋಗ್ಲಿ. ಇವನ ಮಾರಿಗಿ ಬೆಂಕಿ ಬಂತಲ್ರಿ, ಅದೂ ನನ್ನಿಂದನ."

"ಹೊಸಾ ಕಾಡತೂಸದಾಗ ನಿಂದೇನ ಐತಿ ಅವ್ವಾ?" ಎಂದರು ಮಗ.

"ಅದನ್ನೂ ಅದ ಡಬ್ಬ್ಯಾಗ ಹಾಕಿದ್ದೆಲ್ಲಪಾ."

ಆ ಡಬ್ಬಿಯನ್ನು ಈಗ ಅವರು ಮುಟ್ಟುವುದಿಲ್ಲ, ಮಗನ ಯಾವ ಸಾಮಾನನ್ನೂ ಮುಟ್ಟುವುದಿಲ್ಲ ಎಂದು ನಂದಿನಿ ಹೇಳಿದಳು. ನಾನು ಅಲ್ಲೇ ಹೇಳಬೇಕಿತ್ತು. ಮೂರು ಮಾತು ಸಾಕಿತ್ತು: ನಿಮ್ಮದಲ್ಲವ್ವಾ, ನಂದು. ಬಾಯಿ ತೆರೆದೆ. ಬಂದದ್ದು ಇದು: "ಸ್ಪ್ರಿಂಗ್ ಜರಾ ವೀಕ್ ಆಗೇತಿ. ಬಂದೂಕು ನನ್ನ ಕಡೆ ಇರ್ಲಿ. ಯಾರೂ ಹೊಡಿಬ್ಯಾಡ್ರಿ."

ರಸೀದಿ ಬರೆದುಕೊಟ್ಟು ಬಂದೂಕು ಹಿಡಿದು ಓಡಿ ಬಂದೆ. ಹೊಳೆಪ್ಪನವರ ಕಣ್ಣು ಉಳಿಯಿತು, ಅಷ್ಟು ಮಟ್ಟಿಗೆ ಪುಣ್ಯ. ಆದರೆ ಹೆತ್ತ ಮಗನಿಗೆ ತಾನೇ ಬೆಂಕಿ ಹಾಕಿದೆ ಎಂದುಕೊಂಡ ಒಬ್ಬ ತಾಯಿಯನ್ನು ಮಂಚದ ಮೇಲೆ ಹಾಗೇ ಬಿಟ್ಟು ಬಂದೆ. ಇಷ್ಟು ಹೇಡಿ ನಾನು ಎಂದು ಗೊತ್ತಿರಲಿಲ್ಲ.

ನವೆಂಬರ್ 18

ರಾಯವ್ವನಿಗೆ ಎಲ್ಲಾ ಹೇಳಿದೆ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಅವತ್ತ ಹೇಳಿದ್ನಿ, ಬಾಜೂಕ ಇಡೂಣು ಅಂತ" ಎಂದಳು. ರೊಟ್ಟಿಯನ್ನು ಹಂಚಿಗೆ ಹಾಕಿ, "ನನಗ ಹೇಳಿ ಏನ ಮಾಡ್ತೀರಿ? ನನ್ನ ಅಂಗಡಿಗಿ ಯಾರೂ ಸೀಲ್ ಹಾಕಿಲ್ಲ."

ನವೆಂಬರ್ 20, ಮೂಡಲಗಿಯಿಂದ ಬಂದ ಮೇಲೆ

ಕಚೇರಿಯಲ್ಲಿ ಹತ್ತು ಹನ್ನೆರಡು ಮಂದಿ ಇದ್ದರು. ಶಿದ್ಲಿಂಗಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದಿದ್ದ, ಫೈಲನ್ನು ಎದೆಗೆ ಒತ್ತಿ ಹಿಡಿದು. ಹೊಳೆಪ್ಪನವರು ಗೋಡೆಗೆ ಒರಗದೆ ನೆಟ್ಟಗೆ ನಿಂತಿದ್ದರು. ಸಾಹೇಬರು ನನ್ನ ಚೀಟಿ ಓದಿ, "ಇದು ನಿಮ್ಮ ಸಹೀನ?" ಎಂದು ಕೇಳಿದರು.

ಹೌದೆಂದೆ. ಬಂದೂಕನ್ನು ಮೇಜಿನ ಮೇಲಿಟ್ಟೆ. ಕಾಗದದ ತುಂಡುಗಳನ್ನು ಒಂದೊಂದಾಗಿ ಹಾಕಿ ಮುಚ್ಚಿ ತೋರಿಸಿದೆ. ಹೊಳೆಪ್ಪನವರು ಬಿಟ್ಟುಹೋದ ಶಿದ್ಲಿಂಗಪ್ಪನ ಕಾಡತೂಸಿನ ಟೋಪಿ ನನ್ನ ಪರೀಕ್ಷೆಯ ಬಂದೂಕಿನಲ್ಲಿ ಮೊದಲ ಏಟಿಗೇ ಹಾರಿದ್ದನ್ನೂ, ಅದನ್ನು ನಾನು ಅಕ್ಟೋಬರ್ ಇಪ್ಪತ್ತೈದರಿಂದ ಮುಚ್ಚಿಟ್ಟದ್ದನ್ನೂ ಹೇಳಿದೆ. ಬೆಲ್ಲದ ಮಾತು ಬಂದಾಗ ಯಾರೋ ಹಿಂದೆ ನಕ್ಕರು. ನಗಲಿ.

"ಪೂಜಿ ಮಾಡಬ್ಯಾಡ ಅಂತ ಮಾಲಕರು ಹೇಳಿದ್ರೇನು?" ಎಂದರು ಸಾಹೇಬರು.

"ಹೇಳಿದ್ರು ಸಾಹೇಬ್ರ. ಹೇಳಿದ್ದಕ್ಕನ ಹೆಚ್ಚಿಗಿ ಮಾಡಿದೆ."

ಎಲ್ಲಾ ಬರೆದುಕೊಂಡರು. ಶಿದ್ಲಿಂಗಪ್ಪನ ಸೀಲು ತೆಗೆಯಲು ಆದೇಶವಾಯಿತು. ನನ್ನ ರಿಪೇರಿ ಲೈಸೆನ್ಸು ಸದ್ಯ ಅಮಾನತು, ಮುಂದಿನದು ವಿಚಾರಣೆಯ ಮೇಲೆ. ಮೂವತ್ತೈದು ವರ್ಷ ಗೋಡೆಗೆ ನೇತುಹಾಕಿದ್ದ ಲೈಸೆನ್ಸಿನ ಚೌಕಟ್ಟನ್ನು ನಾಳೆ ಇಳಿಸಬೇಕು. ಅಪ್ಪ ಹೊಡೆದ ಮೊಳೆ ಅದು. ಅಳು ಬಂತು, ತಡೆದುಕೊಂಡೆ. ಅಲ್ಲಿ ಅಳುವ ಹಕ್ಕು ಇದ್ದವರು ಬೇರೆಯವರು.

ಹೊರಗೆ ಶಿದ್ಲಿಂಗಪ್ಪನ ಕೈ ಹಿಡಿಯಲು ಹೋದೆ. ಕೈ ಹಿಂದೆಳೆದುಕೊಂಡ. "ಅವತ್ತ ಫೋನಿನ್ಯಾಗ ಕೇಳಿದ್ನೆಲ್ಲ ಪರಶು, ಅವತ್ತ ಹೇಳಬೇಕಿತ್ತು" ಎಂದು ಹೇಳಿ ಗಾಡಿ ಹತ್ತಿದ. ಅಷ್ಟಾದರೂ ಮಾತಾಡಿದ.

ಹೊಳೆಪ್ಪನವರು ಬೇವಿನ ಗಿಡದ ಕೆಳಗೆ ನಿಂತಿದ್ದರು. ಬೈದರೆ ಸಾಕು ಎನಿಸುತ್ತಿತ್ತು. ಬೈಯಲಿಲ್ಲ.

"ಸಾಹೇಬ್ರಿಗಿ ಹೇಳಿದ್ರಿ, ಚೊಲೊ ಆತು. ಅವ್ವಗ ಯಾರು ಹೇಳವ್ರು? ನಾ ಎಷ್ಟ ಹೇಳಿದ್ರೂ, ಮಗಾ ನನ್ನ ಸಮಾಧಾನ ಮಾಡಾಕತ್ತಾನ ಅಂತಾಳ. ತಪ್ಪು ಆಕೀದು ಅಂತ ಹೇಳಿದವ್ರು ನೀವ. ನೀವ ಬಂದು ಹೇಳ್ರಿ."

"ನಾಳೆ ಬರತೀನ್ರಿ" ಎಂದೆ.

"ನೋಡೂಣು" ಎಂದರು. ನಂಬಿರಲಿಲ್ಲ. ನಂಬಲು ನಾನು ಏನು ಉಳಿಸಿದ್ದೇನೆ?

ನವೆಂಬರ್ 21

ಹತ್ತರಗಿಯಲ್ಲಿ ಚಹಾ ಕುಡಿಯಲಿಲ್ಲ. ಇಳಿದವನೇ ಟೆಂಪೋ ಹತ್ತಿದೆ.

ಉದ್ದವ್ವನವರನ್ನು ಅಂಗಳಕ್ಕೆ ಕರೆತಂದು ಬಿಸಿಲಿಗೆ ಕೂರಿಸಿದ್ದರು. ಅಕ್ಕಪಕ್ಕದ ನಾಲ್ಕೈದು ಹೆಣ್ಣುಮಕ್ಕಳು ಅಲ್ಲೇ ಕೂತು ತೆನೆ ಬಿಡಿಸುತ್ತಿದ್ದರು. ಒಳಗೆ ಹೋಗಿ ಮಾತಾಡೋಣವೇ ಎಂದು ಹೊಳೆಪ್ಪನವರ ಮುಖ ನೋಡಿದೆ. ಅವರು ಬಾಗಿಲಿಗೆ ಅಡ್ಡ ನಿಂತಿದ್ದರು.

ಅಜ್ಜಿಯ ಮುಂದೆ ಕೂತು ಮೆಲ್ಲಗೆ ಹೇಳಿದೆ. ಡಬ್ಬಿಯದೇನೂ ತಪ್ಪಿಲ್ಲ, ನೀರಿನ ಹರವಿಯದೂ ಇಲ್ಲ, ಕಾಡತೂಸು ಒಣಗೇ ಇದ್ದವು, ಬಂದೂಕು ಕೆಡಿಸಿದವ ನಾನು.

ಉದ್ದವ್ವನವರು ನನ್ನ ಮುಖ ಬಿಟ್ಟು ಮಗನ ಕಡೆ ನೋಡಿದರು.

"ಮಗಾ ಕಲಿಸಿ ಕರಕೊಂಡ ಬಂದಾನೇನ್ರಿ?"

"ಇಲ್ಲವ್ವಾ. ಖರೇನ ಐತಿ."

"ಹಂಗಾರ ಎದ್ದ ನಿಂತ ಹೇಳ್ರಿ, ಜೋರಿಲೆ. ನೀವು ಬರದ ಚೀಟಿ ಊರೆಲ್ಲಾ ಓದೇತಿ. ನೀರ ಹಾಕಿ ಕೆಡಿಸಿದಾಕಿ ಅಂತ ಈ ಓಣಿ ಮಂದಿ ನನ್ನ ಮಾರಿ ನೋಡಿ ಮಾತಾಡ್ಯಾರ. ಅವರಿಗಿ ಕೇಳಬೇಕು."

ನಂದಿನಿ ಮೊಬೈಲು ಎತ್ತಿದಳು. "ವಿಡಿಯೋ ಮಾಡ್ಲ್ಯಾ ಕಾಕಾ?" ಎಂದು ನನ್ನನ್ನೇ ಕೇಳಿದಳು. ನಾನು ಪೂಜೆ ಮಾಡುವಾಗ ಯಾರನ್ನೂ ಕೇಳಿರಲಿಲ್ಲ. ಮಾಡಮ್ಮಾ ಎಂದೆ.

ಎದ್ದು ನಿಂತೆ. ನನ್ನ ಹೆಸರು, ಊರು ಹೇಳಿದೆ. ಬೇಡ ಎಂದವರ ಬಂದೂಕಿಗೆ ಬೆಲ್ಲ ಹಚ್ಚಿದ್ದು, ಒರೆಸದೆ ಅರ ಹಿಡಿದದ್ದು, ಸುಳ್ಳು ಚೀಟಿ ಬರೆದದ್ದು, ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡದ್ದು, ಎಲ್ಲಾ. ತೆನೆ ಬಿಡಿಸುವ ಸಪ್ಪಳ ನಿಂತಿತ್ತು. ಎದುರು ಮನೆಯ ಕಟ್ಟೆಗೆ ಮೂರ್ನಾಲ್ಕು ಗಂಡಸರು ಬಂದು ನಿಂತರು.

"ಅವರಿಗಿ ಮೊದಲಿಂದ ಕೇಳಿಲ್ಲ. ಇನ್ನೊಮ್ಮಿ ಹೇಳ್ರಿ" ಎಂದರು ಉದ್ದವ್ವನವರು.

ಇನ್ನೊಮ್ಮೆ ಹೇಳಿದೆ, ಮೊದಲಿಗಿಂತ ಜೋರಾಗಿ. ಈ ಸಲ ಹೊಳೆಪ್ಪನವರ ಹೆಸರನ್ನೂ ಸೇರಿಸಿದೆ. ಬಂದೂಕಿನ ರೋಗ ಏನೆಂದು ಅವರು ಮೊದಲೇ ಹೇಳಿದ್ದರು, ನಾನು ನಾಲ್ಕು ಮಂದಿಯ ಮುಂದೆ ಅವರನ್ನು ಸಣ್ಣವರನ್ನಾಗಿ ಮಾಡಿ ಕಳಿಸಿದೆ ಎಂದೆ. ಅವರು ತಲೆ ತಗ್ಗಿಸಿ ಕೈಯಲ್ಲಿದ್ದ ತೆನೆಯನ್ನು ತಿರುಗಿಸುತ್ತಿದ್ದರು.

ಉದ್ದವ್ವನವರು ಬಾಜೂಕಿನ ಹೆಣ್ಣುಮಗಳ ಕೈ ಹಿಡಿದು ಅಲ್ಲಾಡಿಸಿ ಕೇಳಿದರು. "ಕೇಳಿದೇನ? ನಂದಲ್ಲ. ನನ್ನ ಕೈದಲ್ಲಂತ."

ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಯಾರೂ ತಡೆಯಲಿಲ್ಲ. ನಾನು ನಿಂತೇ ಇದ್ದೆ. ನಂದಿನಿ ಮೊಬೈಲು ಕೆಳಗಿಳಿಸಿ ನನ್ನ ಬಾಜೂಕ್ಕೆ ಬಂದಳು. ತೊಡೆಗೆ ಹನ್ನೊಂದು ಹೊಲಿಗೆ ಹಾಕುವಾಗಲೂ ಅಜ್ಜಿ ಅತ್ತಿರಲಿಲ್ಲ ಎಂದು ಹೇಳಿದಳು.